ಬರೆದ ರೇಟು, ಬಾರದ ಮಾಲು

ನನ್ನ ಅತ್ತಿಗೆಯ ಮಾತು ಕೇಳಲಿಕ್ಕೆಂದೇ ನನ್ನ ಹೊಲಿಗೆ ಅಂಗಡಿಗೆ ಜನ ಬರುತ್ತಿದ್ದ ಕಾಲವೊಂದಿತ್ತು. ಮೊದಮೊದಲು ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿಯಾಗುತ್ತಿತ್ತು. ಮೂರ್ನಾಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದವಳು ನಾನು, ಬಾಡಿಗೆ ಕಟ್ಟುವವಳು ನಾನು, ರವಿಕೆಯ ತೋಳು ಬಿಗಿಯಾದರೆ ಬೈಸಿಕೊಳ್ಳುವವಳೂ ನಾನೇ. ಬಂದವರು ಮಾತ್ರ ಬಾಗಿಲಲ್ಲಿ ನಿಂತು, "ಅವ್ರು ಇಲ್ವಾ ಇವತ್ತು?" ಎಂದು ಒಳಗೆ ಇಣುಕುತ್ತಿದ್ದರು. ಇಲ್ಲ ಎಂದರೆ, "ಹಾಗಾದ್ರೆ ನಾಳೆ ಬರ್ತೇನೆ, ಅರ್ಜೆಂಟೇನಿಲ್ಲ" ಎಂದು ಬಟ್ಟೆಯ ಕವರನ್ನು ಕಂಕುಳಲ್ಲೇ ಇಟ್ಟುಕೊಂಡು ಹೊರಟುಬಿಡುವವರೂ ಇದ್ದರು.

ಅತ್ತಿಗೆ ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ. ಅವರ ಮನೆ ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಬಂದು, ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು ರವಿಕೆಗಳಿಗೆ ಹುಕ್ಸು ಹಾಕಿಕೊಡುತ್ತಿದ್ದರು. ಕೈ ಹುಕ್ಸಿನ ಮೇಲೆ, ಬಾಯಿ ಊರಿನ ಮೇಲೆ. ಮನೆಯಲ್ಲಿ ನಮ್ಮದು ಅರೆಭಾಷೆ. ಕೊಡವ ಹೆಂಗಸರು ಬಂದರೆ ಅತ್ತಿಗೆ ಕೊಡವ ತಕ್ಕಿಗೆ ತಿರುಗುತ್ತಿದ್ದರು, ವಿರಾಜಪೇಟೆ ಕಡೆಯ ಮಲಯಾಳಿಗಳು ಬಂದರೆ ಮಲಯಾಳಕ್ಕೆ, ತೋಟದ ಲೈನ್ ಮನೆಗಳಿಂದ ತಮಿಳು ಹೆಂಗಸರು ಬಂದರೆ ತಮಿಳಿಗೆ. ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಎಲ್ಲವನ್ನೂ ಕಿವಿಯಿಂದಲೇ ಕಲಿತದ್ದು. ಯಾರ ಮಾತನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವರ ಧಾಟಿಯನ್ನು ಹಾಗೆಯೇ ಎತ್ತಿ ಇಳಿಸುತ್ತಿದ್ದರು. ತೋಟದ ಲೆಕ್ಕ ಬರೆಯುವ ಒಬ್ಬ ಎಸ್ಟೇಟ್ ರೈಟರು ಕಾಫಿ ಕುಯ್ಲಿನಲ್ಲಿ ಆಳುಗಳ ಮೇಲೆ ಹಾರಾಡುವುದನ್ನೂ, ಅದೇ ಮನುಷ್ಯ ಮನೆಗೆ ಹೋಗಿ ಹೆಂಡತಿಯ ಮುಂದೆ ಬೆಕ್ಕಾಗುವುದನ್ನೂ ಮಾಡಿ ತೋರಿಸಿದ ದಿನ ಆ ರೈಟರ ಹೆಂಡತಿಯೇ ರವಿಕೆಗೆ ಕಾಯುತ್ತ ಅಲ್ಲಿ ಕೂತಿದ್ದಳು. ನನಗೆ ಬೆವರು ಕಿತ್ತುಕೊಂಡು ಬಂತು. ನೋಡಿದರೆ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ. "ಬೆಕ್ಕು ಇಷ್ಟು ಪಾಪ ಆದ್ರೆ ಸಾಲದು ಅಕ್ಕ, ಇನ್ನೂ ಸ್ವಲ್ಪ ಬಗ್ಗಬೇಕು" ಎಂದು ತಿದ್ದಿಕೊಟ್ಟಳು.

ಅಂಥ ಅತ್ತಿಗೆಗೆ ಕಿವಿ ಹೋಗತೊಡಗಿತು.

ಮೊದಲು ಹೋದದ್ದು ಮಲಯಾಳ. ಯಾವಾಗಲೂ ಬರುವ ಒಬ್ಬ ಮಲಯಾಳಿ ಟೀಚರು ಏನೋ ಹೇಳಿದರು, ಅತ್ತಿಗೆ "ಎಂತ?" ಎಂದರು, ಮತ್ತೆ "ಎಂತ?" ಎಂದರು, ಆಮೇಲೆ ಸುಮ್ಮನೆ ನಕ್ಕರು. ಟೀಚರು ವೇಗವಾಗಿ ಮಾತಾಡುತ್ತಾರೆ, ಅದಕ್ಕೆ ಎಂದುಕೊಂಡೆ. ಕೆಲವು ತಿಂಗಳಿಗೆ ತಮಿಳು ಹೋಯಿತು. ಆಮೇಲೆ ಒಬ್ಬ ಕೊಡವ ಅಕ್ಕ ನನ್ನನ್ನು ಬದಿಗೆ ಕರೆದು, "ನಿನ್ನ ಅತ್ತಿಗೆಗೆ ಈಗ ಭಾರಿ ಗತ್ತು ಬಂದಿದೆ, ಕರೆದ್ರೆ ತಿರುಗೂ ನೋಡೋದಿಲ್ಲ" ಎಂದಾಗ ನನಗೆ ಅನುಮಾನ ಬಂತು. ಅತ್ತಿಗೆಗೆ ಗತ್ತೇ? ಹುಟ್ಟಿನಿಂದ ಅದೊಂದು ಅವರಿಗೆ ಒಗ್ಗದ ಸಾಮಾನು. ಮಾರನೆಯ ದಿನ ಅವರ ಮನೆಗೆ ಹೋದರೆ ಒಲೆಯ ಮೇಲೆ ಕುಕ್ಕರು ಬಡಿದುಕೊಳ್ಳುತ್ತಿದೆ, ಬೇಳೆ ಸೀದ ವಾಸನೆ ಅಂಗಳದ ತನಕ, ಅತ್ತಿಗೆ ಅದಕ್ಕೆ ಬೆನ್ನು ಹಾಕಿ ನೆಮ್ಮದಿಯಾಗಿ ತೆಂಗಿನಕಾಯಿ ತುರಿಯುತ್ತಿದ್ದಾರೆ.

ಮಡಿಕೇರಿಯ ಕಿವಿ ಡಾಕ್ಟರ ಹತ್ತಿರ ಅಣ್ಣನೂ ನಾನೂ ಸೇರಿ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. ಎರಡೂ ಕಿವಿಯ ನರ ಸೋತಿದೆ, ಇದಕ್ಕೆ ಮಾತ್ರೆ ಔಷಧ ಇಲ್ಲ, ಕಿವಿ ಮೆಷಿನ್ ಹಾಕಬೇಕು, ತಡ ಮಾಡಬಾರದು. "ಶಬ್ದ ತಗೊಳ್ಳೋದು ಮಾತ್ರ ಕಿವಿ. ಅದನ್ನ ಬಿಡಿಸಿ ಮಾತು ಮಾಡೋದು ತಲೆ. ಕೇಳದೆ ಹಾಗೇ ಬಿಟ್ರೆ ತಲೆಗೆ ಅದು ಮರೆತುಹೋಗ್ತದೆ. ಆಮೇಲೆ ಎಷ್ಟು ದೊಡ್ಡ ಮೆಷಿನ್ ಹಾಕಿದ್ರೂ ಗದ್ದಲ ಕೇಳ್ತದೆ, ಮಾತು ಕೇಳೋದಿಲ್ಲ" ಎಂದರು. ವಿರಾಜಪೇಟೆಯ ಒಂದು ಕನ್ನಡಕದ ಅಂಗಡಿಗೆ ವಾರಕ್ಕೊಮ್ಮೆ ಕಿವಿ ಪರೀಕ್ಷೆಯವರು ಬರುತ್ತಾರೆ, ಅಲ್ಲಿ ಮೆಷಿನ್ ಸಿಗುತ್ತದೆ ಎಂದು ಹೇಳಿ, ಅದರ ಬೆಲೆಯನ್ನೂ ಹೇಳಿದರು. ಬೆಲೆ ಜೋರಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಣ್ಣನ ಹತ್ತಿರ ಹಣ ಇತ್ತು. ಅವನು ಜಿಪುಣನೂ ಅಲ್ಲ. ಹೆಂಡತಿಗೆ ಏನು ಬೇಕೋ ಅದು ಬಾಯಿ ಬಿಡುವ ಮೊದಲೇ ಮನೆಗೆ ಬರುತ್ತಿತ್ತು.

ಹಾಗಾದರೆ ಯಾಕೆ ತಡವಾಯಿತು ಎನ್ನುವುದು ಗೊತ್ತಾಗಬೇಕಾದರೆ ಅಣ್ಣ ಏನು ಕೆಲಸ ಮಾಡಿಕೊಂಡಿದ್ದ ಎನ್ನುವುದು ಗೊತ್ತಿರಬೇಕು.

ಅಣ್ಣ ಹುಡುಗನಾಗಿದ್ದಾಗಿನಿಂದ ತಲೆ ನರೆಯುವ ತನಕ ಕಾಫಿ, ಕರಿಮೆಣಸು ಕೊಳ್ಳುವ ಒಬ್ಬ ಸಾಹುಕಾರರ ಅಂಗಡಿಯಲ್ಲಿದ್ದ. ಅಂಥ ಅಂಗಡಿಗಳ ಮುಂದೆ ಒಂದು ಕಪ್ಪು ಬೋರ್ಡು ಇರುತ್ತದೆ. ಬೆಳಿಗ್ಗೆ ಫೋನಿನಲ್ಲಿ ಪೇಟೆಯ ಧಾರಣೆ ಕೇಳಿಕೊಂಡು, ಪಾರ್ಚ್‌ಮೆಂಟ್ ಕಾಫಿಗೆ ಇಷ್ಟು, ಚೆರಿ ಕಾಫಿಗೆ ಇಷ್ಟು, ಮೆಣಸಿಗೆ ಇಷ್ಟು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಸಾಹುಕಾರರ ಅಂಗಡಿಯಲ್ಲಿ ಬರೆಯುವ ಕೈ ಅಣ್ಣನದು. ಒಮ್ಮೆ ಬರೆದರೆ, ಅಳಿಸುವ ತನಕ ಮಾಲು ತಂದವನಿಗೆ ಆ ರೇಟು ಕೊಡಲೇಬೇಕು. ಅದೇ ಬೋರ್ಡ್ ರೇಟು. ಕುಯ್ಲಿನ ಭರದಲ್ಲಿ ಗೋಡೌನ್ ತುಂಬಿ ಚೀಲ ಇಳಿಸಲು ಜಾಗವಿಲ್ಲದಿದ್ದರೂ, "ಇವತ್ತು ಜಾಗ ಇಲ್ಲ, ನಾಡಿದ್ದು ತನ್ನಿ, ರೇಟು ಇವತ್ತಿನದ್ದೇ" ಎಂದು ಹೇಳಿ ಕಳಿಸುವುದು ಅವರ ಪದ್ಧತಿ. ನಾಡಿದ್ದು ಧಾರಣೆ ಬಿದ್ದಿದ್ದರೂ ಅದೇ ರೇಟು. ಒಂದು ಸಲ ಬೆಳಿಗ್ಗೆ ಬರೆದ ಮೆಣಸಿನ ರೇಟು ಮಧ್ಯಾಹ್ನಕ್ಕೆ ದೊಪ್ಪನೆ ಬಿತ್ತಂತೆ. ಅಣ್ಣ ಊಟಕ್ಕೆ ಹೋದವನು ಬೋರ್ಡು ಅಳಿಸಿರಲಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಜೀಪಿನ ತುಂಬ ಮೆಣಸು ತಂದು ನಿಲ್ಲಿಸಿ ಬೋರ್ಡಿಗೆ ಕೈ ತೋರಿಸಿದರು. ಅಣ್ಣನ ಜೀವ ಬಾಯಿಗೆ ಬಂತು. ಸಾಹುಕಾರರು ಹೊರಗೆ ಬಂದು ಬೋರ್ಡನ್ನೂ ನೋಡಿ ಅಣ್ಣನನ್ನೂ ನೋಡಿ, "ಬರೆದದ್ದು ನಾವು, ಅಳಿಸದೇ ಇದ್ದದ್ದೂ ನಾವು. ತೂಕ ಹಾಕು" ಎಂದರಂತೆ. ಈ ಕತೆಯನ್ನು ಅಣ್ಣ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ಆ ಮಾಲು ತನಗೇ ಲಾಭ ತಂದ ಹಾಗೆ ಮುಖ ಅರಳುತ್ತಿತ್ತು.

ಮಡಿಕೇರಿಯಿಂದ ಬಂದ ಮೇಲೆ ಅಣ್ಣ ಮೊಬೈಲಿನಲ್ಲಿ ಕಿವಿ ಮೆಷಿನ್ ಹುಡುಕಿದ. ಡಾಕ್ಟರು ಹೇಳಿದ ಕಂಪನಿಯದ್ದೇ, ಅದೇ ನಮೂನೆಯದ್ದೇ ಸಿಕ್ಕಿತು. ಮೊದಲಿನ ಬೆಲೆಯ ಮೇಲೆ ಅಡ್ಡ ಗೆರೆ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಎಪ್ಪತ್ತು ಪರ್ಸೆಂಟ್ ಕಡಿತ. ಕೆಳಗೆ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವ ಬೂದು ಅಕ್ಷರದಲ್ಲಿ, ಸದ್ಯಕ್ಕೆ ಸ್ಟಾಕ್ ಇಲ್ಲ. ಅದರ ಕೆಳಗೆ, ಬಂದಾಗ ತಿಳಿಸಿ ಎಂಬ ಗುಂಡಿ. ಅಣ್ಣ ಗುಂಡಿ ಒತ್ತಿದ. ಅಂಗಡಿಗೆ ಬಂದು ನನಗೆ ತೋರಿಸಿ, "ನೋಡು ಗೂಡೆ, ವಿರಾಜಪೇಟೆಯವ ನಮ್ಮ ತಲೆ ಬೋಳಿಸ್ತಾ ಇದ್ದ" ಎಂದ. ಗೂಡೆ ಎಂದರೆ ಅರೆಭಾಷೆಯಲ್ಲಿ ಹುಡುಗಿ. ನನಗೆ ಮೊಮ್ಮಕ್ಕಳಾದರೂ ಅಣ್ಣನಿಗೆ ನಾನು ಗೂಡೆಯೇ.

"ಸ್ಟಾಕ್ ಇಲ್ಲ ಅಂತ ಉಂಟಲ್ಲ ಅಣ್ಣ" ಎಂದೆ.

"ಮಾಲು ಇಲ್ಲ, ರೇಟು ಉಂಟಲ್ಲ. ರೇಟು ಬರೆದಿದ್ದಾರೆ, ನಮ್ಮ ಹೆಸರು ಹಿಡಿದಿಟ್ಟಿದ್ದಾರೆ. ಮಾಲು ಬಂದಾಗ ಇದೇ ರೇಟಿಗೆ ಕೊಡ್ಲೇಬೇಕು."

ಅವನ ಪಾಲಿಗೆ ಅದು ಗೋಡೌನ್ ತುಂಬಿದ ದಿನದ ಬೋರ್ಡು. ಇವತ್ತು ಆಗುವುದಿಲ್ಲ, ನಾಡಿದ್ದು ಬನ್ನಿ, ರೇಟು ಇವತ್ತಿನದ್ದೇ. ಆ ದಿನ ನನಗೂ ಅದು ಸರಿಯೆನಿಸಿತು. ಬೋರ್ಡ್ ರೇಟಿನ ಊರಿನಲ್ಲಿ ಹುಟ್ಟಿದವರಿಗೆ ಬೇರೆ ಹೇಗೆ ತೋಚಬೇಕು?

ಅತ್ತಿಗೆಗೆ ಆಗ ಹತ್ತಿರ ಕೂತು ಹೇಳಿದರೆ ನಮ್ಮ ಮಾತು ಕೇಳುತ್ತಿತ್ತು. ಅವರು ಇದನ್ನೂ ಒಂದು ತಮಾಷೆ ಮಾಡಿಕೊಂಡರು. ಯಾರಾದರೂ ಬಂದು ಕಿವಿ ಹೇಗಿದೆ ಎಂದರೆ, "ನನ್ನ ಕಿವಿ ಡಿಸ್ಕೌಂಟಿನಲ್ಲಿ ಬರ್ತಾ ಉಂಟು. ದಾರಿಯಲ್ಲಿ ಘಾಟಿ ಹತ್ತಲಿಕ್ಕೆ ಆಗದೆ ಸುಸ್ತಾಗಿ ಕೂತಿದೆ" ಎನ್ನುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಮಳೆಗಾಲ ಕಳೆಯಿತು. ಮಾಲು ಬರಲಿಲ್ಲ, ರೇಟು ಮಾತ್ರ ಅಳಿಸದೆ ಹಾಗೆಯೇ ಇತ್ತು. ದಸರೆಗೆ ದೊಡ್ಡ ಮಾರಾಟ ಬಂದಾಗ ಕಡಿತ ಇನ್ನಷ್ಟು ಏರಿತು. ಅಣ್ಣ ಧಾರಣೆ ಏರಲೆಂದು ಕಾಫಿ ಹಿಡಿದಿಟ್ಟುಕೊಂಡವನ ಹಾಗೆ ಕೈ ಉಜ್ಜಿಕೊಂಡ. ಆದರೆ ಕೆಳಗೆ ಅದೇ ಬೂದು ಅಕ್ಷರ. ಅದರ ಕೆಳಗೆ, ಇವುಗಳನ್ನೂ ನೋಡಿ ಎಂದು ಬೇರೆ ಬೇರೆ ಮೆಷಿನ್‌ಗಳ ಸಾಲು, ಒಂದೊಂದಕ್ಕೂ ಪೂರಾ ಬೆಲೆ, ಎಲ್ಲವೂ ಸ್ಟಾಕ್ ಇದ್ದದ್ದೇ. ಆಗ ನನಗೆ ಹೊಳೆಯಿತು. ಇದು ಮೂಗಿಗೆ ತುಪ್ಪ ಸವರುವ ಕೆಲಸ. ಇಲ್ಲದ ಮಾಲಿಗೆ ಎಷ್ಟು ಕಡಿತ ಕೊಟ್ಟರೆ ಅವರ ಗಂಟೇನು ಹೋಗುತ್ತದೆ? ನೂರಕ್ಕೆ ನೂರು ಬೇಕಾದರೂ ಕೊಡಬಹುದು. ಕೆಂಪು ಅಕ್ಷರಕ್ಕೆ ಬಾಯಿ ಬಿಟ್ಟು ಬಂದವರನ್ನು ಪಕ್ಕದ ಸಾಲಿಗೆ ಅಟ್ಟುವುದು, ಅಷ್ಟೇ.

"ಕನ್ನಡಿಯೊಳಗಿನ ಗಂಟು ಅಣ್ಣ ಇದು. ನಾಳೆಯೇ ವಿರಾಜಪೇಟೆಗೆ ಹೋಗುವ" ಎಂದೆ.

"ಎದುರಿಗೆ ಕಮ್ಮಿ ರೇಟು ಬರೆದಿರುವಾಗ ಹೆಚ್ಚು ಕೊಟ್ಟು ತಗೊಳ್ಳೋದಾ? ನಿಂಗೆ ವ್ಯಾಪಾರ ಗೊತ್ತಿಲ್ಲ ಗೂಡೆ, ಸುಮ್ನಿರು."

"ನಾನೇ ದುಡ್ಡು ಹಾಕ್ತೇನೆ."

"ನನ್ನ ಹೆಂಡ್ತಿ ಕಿವಿಗೆ ನೀನು ಯಾಕೆ ಹಾಕೋದು? ನಾನೇನು ಸತ್ತಿದ್ದೇನಾ?"

ನನಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, "ಹಾಳಾಗಿ ಹೋಗು, ನೀನೂ ನಿನ್ನ ಬೋರ್ಡೂ" ಎಂದೆ. ಅತ್ತಿಗೆ ನಮ್ಮಿಬ್ಬರ ಮುಖವನ್ನೂ ನೋಡಿ, ಜಗಳ ಯಾವುದಕ್ಕೆಂದು ಪೂರ್ತಿ ಕೇಳದೆಯೇ, "ಅವರಿಗೆ ಬೈಬೇಡ ನೀನು. ನಂಗೆ ಎಂತ ಅವಸರ?" ಎಂದರು. ಆಮೇಲೆ ಸ್ವಲ್ಪ ದಿನ ಅಣ್ಣ ಅಂಗಡಿಯ ಕಡೆಗೆ ತಲೆ ಹಾಕಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಅವನು ಏದುಸಿರು ಬಿಡುತ್ತ ಬಂದ. "ಬಂತು, ಮಾಲು ಬಂತು, ಮೆಸೇಜ್ ಬಂದಿದೆ!" ಕನ್ನಡಕ ಸರಿ ಮಾಡಿಕೊಂಡು ಇಬ್ಬರೂ ನೋಡಿದೆವು. ಮಾಲು ಬಂದದ್ದು ನಿಜ. ಕೆಂಪು ಅಕ್ಷರ ಇರಲಿಲ್ಲ, ಅಡ್ಡ ಗೆರೆಯೂ ಇರಲಿಲ್ಲ. ಪೂರಾ ಬೆಲೆ, ಡಾಕ್ಟರು ಹೇಳಿದ್ದ ವಿರಾಜಪೇಟೆಯ ಬೆಲೆಗಿಂತಲೂ ಹೆಚ್ಚು. ಅಣ್ಣ ಬೆರಳಿನಿಂದ ಮೇಲೆ ಕೆಳಗೆ ತಳ್ಳಿ ತಳ್ಳಿ ಹುಡುಕಿದ, ಆ ಕಡಿತ ಎಲ್ಲೋ ಪುಟದ ಕೆಳಗೆ ಜಾರಿ ಬಿದ್ದಿರಬಹುದು ಎನ್ನುವ ಹಾಗೆ. ಏನೋ ಹೆಚ್ಚುಕಡಿಮೆ ಆಗಿರಬೇಕು, ಸರಿ ಮಾಡುತ್ತಾರೆ ಎಂದ. ಕೆಲವು ದಿನಕ್ಕೆ ಮಾಲು ಮುಗಿಯಿತು. ಮುಗಿದ ಕೂಡಲೇ ಕೆಂಪು ಅಕ್ಷರ, ಅಡ್ಡ ಗೆರೆ, ಎಪ್ಪತ್ತು ಪರ್ಸೆಂಟು ಎಲ್ಲ ವಾಪಸು ಬಂತು! ಇವರ ಮನೆ ಹಾಳಾಗ. ಕೊಡುವಾಗ ಪೂರಾ ರೇಟು, ಕೊಡಲಿಕ್ಕಿಲ್ಲದಾಗ ರಿಯಾಯಿತಿ.

ಅಷ್ಟಾದರೂ ಅಣ್ಣ ಕಾದ. ಅವನನ್ನು ಮೂರ್ಖ ಎಂದು ಬೈದಿದ್ದೇನೆ, ಹಟಮಾರಿ ಎಂದಿದ್ದೇನೆ. ಈಗ ಅನಿಸುವುದು ಬೇರೆ. ಬರೆದ ರೇಟು ಸುಳ್ಳಾಗಬಹುದು ಎಂದು ಒಪ್ಪಿಕೊಂಡರೆ ತಾನು ಅಷ್ಟು ವರ್ಷ ಬೆಳಿಗ್ಗೆ ಎದ್ದು ಸೀಮೆಸುಣ್ಣ ಹಿಡಿದು ಮಾಡಿದ್ದೇನು ಎಂಬ ಪ್ರಶ್ನೆ ಅವನಿಗೆ ಬಂದಿರಬೇಕು. ಅದನ್ನು ನನ್ನ ಹತ್ತಿರ ಹೇಳುವಷ್ಟು ಮಾತು ಅವನಲ್ಲಿರಲಿಲ್ಲ, ಕೇಳುವಷ್ಟು ತಾಳ್ಮೆ ನನ್ನಲ್ಲೂ ಇರಲಿಲ್ಲ.

ಈ ನಡುವೆ ಅತ್ತಿಗೆಯ ಕಿವಿಯಿಂದ ಕೊಡವ ತಕ್ಕೂ ಹೋಯಿತು, ಪೇಟೆಯ ಕನ್ನಡವೂ ಹೋಯಿತು. ಉಳಿದದ್ದು ಮನೆಯ ಅರೆಭಾಷೆ, ಅದೂ ಕಿವಿಯ ಹತ್ತಿರ ಕೂಗಿದರೆ. ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಬಂದು ಸ್ಟೂಲಿನಲ್ಲಿ ಕೂತು ಹುಕ್ಸು ಹಾಕುತ್ತಿದ್ದರು. ಜನ ಮೊದಮೊದಲು ಜೋರಾಗಿ ಮಾತಾಡಿದರು, ಆಮೇಲೆ ಕೈಸನ್ನೆ ಮಾಡಿದರು, ಆಮೇಲೆ ನನ್ನ ಹತ್ತಿರ ಅಳತೆ ಕೊಟ್ಟು ಅತ್ತಿಗೆಯ ಕಡೆ ನೋಡಿ ನಕ್ಕು ಹೊರಟುಬಿಡತೊಡಗಿದರು. ಅತ್ತಿಗೆ ಕತೆ ಹೇಳುವುದನ್ನೂ ನಿಲ್ಲಿಸಿದರು. ಯಾಕೆಂದು ಒಮ್ಮೆ ಕೂಗಿ ಕೇಳಿದೆ. "ನೀವು ನಗೋದು ಕೇಳದಿದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗೋದಿಲ್ಲ" ಎಂದರು. ಆ ದಿನ ನಾನು ಹೊಲಿದ ರವಿಕೆಯ ಎರಡೂ ತೋಳು ಉಲ್ಟಾ ಕೂತಿತ್ತು.

ಕೊನೆಗೆ ಅಣ್ಣನೇ ಆ ರೇಟು ಬರೆದ ಕಂಪನಿಗೆ ಫೋನು ಮಾಡಿದ. ನನ್ನ ಅಂಗಡಿಯಲ್ಲೇ ಕೂತು, ಸ್ಪೀಕರ್ ಹಾಕಿ. ಬಹಳ ಹೊತ್ತು ಸಂಗೀತ ಬಂದ ಮೇಲೆ ಒಬ್ಬಳು ಹುಡುಗಿ ಮಾತಾಡಿದಳು. ಪಾಪ, ಸ್ವರ ಮೆತ್ತಗಿತ್ತು.

"ಅದು ಈಗ ಸ್ಟಾಕ್ ಇಲ್ಲ ಸರ್. ಸ್ಟಾಕ್ ಬಂದಾಗ ಬೆಲೆ ಬದಲಾಗಬಹುದು."

"ರೇಟು ಬರೆದಿದ್ದೀರಲ್ಲ? ಅಳಿಸಿಲ್ವಲ್ಲ?"

"ಅದು ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತದೆ ಸರ್."

"ಮಾಲು ಇಲ್ಲದಿದ್ರೆ ರೇಟು ಯಾಕೆ ಬರೀತೀರಿ ಮಗ?" ಅಣ್ಣ ಸಿಟ್ಟಿನಿಂದ ಕೇಳಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ಹುಡುಗಿ ತಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ಅಣ್ಣ ಫೋನು ಇಟ್ಟ.

ಆ ವಾರವೇ ವಿರಾಜಪೇಟೆಗೆ ಹೋದೆವು. ಅಣ್ಣ ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ. ಕಿವಿ ಪರೀಕ್ಷೆಯವರು ಚಿಕ್ಕ ಪ್ರಾಯದವರು, ತಾಳ್ಮೆಯಿಂದ ಎರಡೂ ಕಿವಿಗೆ ಮೆಷಿನ್ ಕೂರಿಸಿದರು. ಅತ್ತಿಗೆ ಬೆಚ್ಚಿಬಿದ್ದರು. ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದದ್ದು, ಕುರ್ಚಿ ಎಳೆದದ್ದು, ಫ್ಯಾನು ತಿರುಗುವುದು ಎಲ್ಲ ಕೇಳಿತು. ನಾನು ಖುಷಿಯಿಂದ ಅಣ್ಣನ ಕೈ ಹಿಡಿದುಬಿಟ್ಟೆ. ಆಮೇಲೆ ಪರೀಕ್ಷೆಯವರು ಬಾಯಿಗೆ ಒಂದು ಕಾಗದ ಅಡ್ಡ ಹಿಡಿದು ಸಣ್ಣ ಸಣ್ಣ ಮಾತು ಹೇಳಿ, ಹಾಗೆಯೇ ತಿರುಗಿ ಹೇಳಿ ಎಂದರು. ಮನೆ ಎಂದರು. ಅತ್ತಿಗೆ ಗೊನೆ ಎಂದರು. ಹಾಲು ಎಂದರು. ಮತ್ತೆ ಹಾಲು ಎಂದರು. ಅತ್ತಿಗೆ ನನ್ನ ಮುಖ ನೋಡಿದರು. ಒಂದು ಧಾಟಿ ಕೇಳಿದರೆ ಊರನ್ನೇ ಎತ್ತಿ ಇಳಿಸುತ್ತಿದ್ದವರು, ಹಾಲು ಎನ್ನುವ ಮಾತಿಗೆ ಬೆಪ್ಪಾಗಿ ಕೂತಿದ್ದರು. "ಎಲ್ಲ ಕೇಳ್ತದೆ. ಎಂತದೂ ಗೊತ್ತಾಗೋದಿಲ್ಲ" ಎಂದು ಮೆಲ್ಲಗೆ ಹೇಳಿದರು.

ಅವರು ಕಾಗದ ಕೆಳಗಿಟ್ಟು, "ದಿನಾ ಹಾಕಿಕೊಂಡು ಅಭ್ಯಾಸ ಮಾಡಿ, ಸ್ವಲ್ಪ ಬರಬಹುದು. ಪೂರ್ತಿ ಕಷ್ಟ. ಮಡಿಕೇರಿ ಡಾಕ್ಟ್ರು ಚೀಟಿಯಲ್ಲಿ ಅವತ್ತೇ ಬರೆದಿದ್ದಾರಲ್ಲ, ಯಾಕೆ ಇಷ್ಟು ತಡ ಮಾಡಿದ್ರಿ?" ಎಂದರು.

"ಮಾಲು ಬಂದಿರ್ಲಿಲ್ಲ" ಎಂದ ಅಣ್ಣ.

ಅವರಿಗೆ ಅರ್ಥವಾಗಲಿಲ್ಲ. ಆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮೆಷಿನ್‌ಗಳು ಸಾಲಾಗಿ ಇದ್ದವು, ಮೊದಲ ದಿನದಿಂದಲೂ ಇದ್ದವು. ನನಗೆ ಅಳು ಬಂತು. ಅಣ್ಣನ ಮೇಲೆ ಬಂದ ಸಿಟ್ಟೇ ಅಳುವಾಯಿತೋ, ಅವನ ಮೇಲಿನ ಕನಿಕರವೋ, ನನಗೇ ಬಿಡಿಸಲಾಗಲಿಲ್ಲ.

ಅತ್ತಿಗೆ ಮೆಷಿನ್ ಹಾಕಿಕೊಂಡೇ ಅಂಗಡಿಗೆ ಬರುತ್ತಾರೆ. ನನ್ನ ಹೊಲಿಗೆ ಯಂತ್ರದ ಸದ್ದಿಗೆ ಮುಖ ಹಿಂಡುತ್ತಾರೆ, ತೆಗೆಯುವುದಿಲ್ಲ. ದುಡ್ಡು ಕೊಟ್ಟದ್ದು ಅಣ್ಣನಿಗೆ ವ್ಯರ್ಥ ಅನಿಸಬಾರದು ಎಂದು. ಅಣ್ಣ ಮಧ್ಯಾಹ್ನ ಬಂದು ಅವರ ಎದುರು ಕೂತು ಅಭ್ಯಾಸ ಮಾಡಿಸುತ್ತಾನೆ. ಅಕ್ಕಿ. ಬೇಳೆ. ಮಳೆ. ಕೆಲವು ಸಲ ಸರಿಯಾಗಿ ಬರುತ್ತದೆ, ಹೆಚ್ಚಿನ ಸಲ ಬರುವುದಿಲ್ಲ.

ಮೊನ್ನೆ ಹಾಗೆ ಅಭ್ಯಾಸ ಮಾಡಿಸುತ್ತಿದ್ದವನು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ. ಅಂಗಡಿಯಲ್ಲಿ ಅಳತೆ ಕೊಡಲು ಬಂದ ಇಬ್ಬರು ಹೆಂಗಸರಿದ್ದರು. ಅವರು ಇದ್ದದ್ದು ಅವನ ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ. ಅತ್ತಿಗೆಯ ಕೈಯಲ್ಲಿದ್ದ ರವಿಕೆಯನ್ನು ತೆಗೆದು ಪಕ್ಕಕ್ಕಿಟ್ಟು, ಆ ಕೈಯನ್ನು ಹಿಡಿದುಕೊಂಡ. ಮದುವೆಯಾದಾಗಿನಿಂದ ಅವನು ನಾಲ್ಕು ಜನರ ಎದುರು ಅವರ ಕೈ ಹಿಡಿದದ್ದನ್ನು ನಾನು ನೋಡಿಲ್ಲ, ಯಾರ ಹತ್ತಿರವೂ ತಪ್ಪು ಒಪ್ಪಿದ್ದನ್ನೂ ಕೇಳಿಲ್ಲ.

"ನಂದೇ ತಪ್ಪಾಯ್ತು" ಎಂದ, ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ. "ಕೇಳ್ತಾ? ನಂದೇ ತಪ್ಪಾಯ್ತು."

ನಾನು ಯಂತ್ರ ತುಳಿಯುವುದನ್ನು ನಿಲ್ಲಿಸಿದೆ. ಅತ್ತಿಗೆ ಅವನ ಬಾಯಿಯನ್ನೇ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿ, ಆ ಮಾತನ್ನು ಹಿಡಿಯಲು ಇಡೀ ಮುಖದಿಂದ ಪ್ರಯತ್ನ ಪಟ್ಟರು. ಆಮೇಲೆ ಸಿಕ್ಕಿತು ಎನ್ನುವ ಹಾಗೆ ಮುಖ ಅರಳಿತು.

"ಹೌದು, ನಂದು ಊಟ ಆಯ್ತು" ಎಂದರು. "ನಿಮಗೆ ಮನೆಯಲ್ಲಿ ಮೇಜಿನ ಮೇಲೆ ಮುಚ್ಚಿಟ್ಟಿದ್ದೇನೆ, ಹೋಗಿ ಉಣ್ಣಿ."

ಅಣ್ಣ ಇನ್ನೊಂದು ಸಲ ಹೇಳಲಿಲ್ಲ. ಎದ್ದು, ಚಪ್ಪಲಿ ಹಾಕಿಕೊಂಡು, ಊಟಕ್ಕೆ ಹೋದ.